ಆಮೆ ಬಾಯಿ ಬಿಟ್ಟರೂ ಬೀಳದ ಜಾಗ

ಎರಡು ಹಂಸ, ಒಂದು ಕೋಲು, ಬಾಯಿ ಮುಚ್ಚಿಕೊಂಡಿರಲಾರದ ಒಂದು ಆಮೆ. ಅಜ್ಜಿಯರು ಹೇಳುವ ಈ ಕಥೆಯನ್ನು ಹಾಗೇ ಎತ್ತಿ ಬಾಹ್ಯಾಕಾಶದಲ್ಲಿ ಇಟ್ಟು ನೋಡಿ. ಆಮೆ ಬಾಯಿ ಬಿಡುತ್ತೆ, ಆದರೆ ಬೀಳಲ್ಲ. ಕೋಲಿನ ಪಕ್ಕದಲ್ಲೇ ತೇಲಿಕೊಂಡಿರುತ್ತೆ. ತಡೆಯಲಾರದೆ ಆಡಿದ ಆ ಮಾತು ಮಾತ್ರ ಹಂಸಗಳಿಗೆ ಕೇಳಿಸಲ್ಲ, ಅಲ್ಲಿ ಗಾಳಿಯೇ ಇಲ್ಲವಲ್ಲ! ವಾಚಾಳಿಗೆ ಇದಕ್ಕಿಂತ ಶಿಕ್ಷೆ ಬೇಕಾ? (ಹೆಲ್ಮೆಟ್ ಹಾಕಿಕೊಂಡು ಕೋಲು ಕಚ್ಚೋದು ಹೇಗೆ ಅಂತ ಕೇಳುವ ಮಗು ಸಿಕ್ಕರೆ ಬಿಡಬೇಡಿ. ನಿಮ್ಮ ಕಥೆ ತಿದ್ದೋಕೆ ಅದೇ ಸರಿಯಾದ ಜನ.)

ಪ್ರಾಣಿಗಳ ಬಾಹ್ಯಾಕಾಶ ಸಾಹಸ ಅಂತ ಮಕ್ಕಳಿಗೆ ಬರೆಯುವವರ ಮೇಲೆ ನನ್ನದು ಒಂದೇ ತಕರಾರು. ಕಾಡಿನ ಕಥೆಗೇ ರಾಕೆಟ್ ಅಂಟಿಸಿಬಿಡುತ್ತಾರೆ. ನರಿ ಮೋಸ ಮಾಡುತ್ತೆ, ಸಿಂಹ ತೀರ್ಪು ಕೊಡುತ್ತೆ, ಕಿಟಕಿಯಾಚೆ ನಾಲ್ಕು ನಕ್ಷತ್ರ ಬರೆದಿರುತ್ತಾರೆ. ರಾಕೆಟ್ ಜಾಗಕ್ಕೆ ಎತ್ತಿನಗಾಡಿ ಹೂಡಿದರೂ ಕಥೆ ಹಾಗೇ ಸಾಗುತ್ತೆ ಅನ್ನೋದಾದರೆ ಅಷ್ಟು ದೂರ ಹೋಗಿದ್ದೇ ದಂಡ. ಪ್ರಾಣಿಗಳು ಮಾತಾಡುತ್ತವೆ, ಅವಕ್ಕೊಂದು ರಾಕೆಟ್ ಸಿಕ್ಕಿದೆ: ಈ ಎರಡು ಸುಳ್ಳನ್ನು ಮಗು ಖುಷಿಯಿಂದ ಒಪ್ಪುತ್ತೆ. ಮಿಕ್ಕಿದ್ದೆಲ್ಲ ಆ ಜಾಗದ ಕಾನೂನಿನಂತೆ ನಡೆಯಲಿ. ಆಗ ಆ ಕಾನೂನಿಗೂ ಪ್ರಾಣಿಯ ಹುಟ್ಟುಗುಣಕ್ಕೂ ಜಗಳ ಹತ್ತುತ್ತೆ, ನಗು ಅಲ್ಲಿದೆ.

ಕೋಳಿ ನೀರು ಕುಡಿಯೋದನ್ನು ಗಮನಿಸಿ. ಕೊಕ್ಕಿನಲ್ಲಿ ತುಂಬಿಕೊಂಡು ತಲೆ ಎತ್ತುತ್ತೆ, ನೀರು ತಾನಾಗಿ ಗಂಟಲಿಗೆ ಇಳಿಯುತ್ತೆ. ತೇಲುವ ನೌಕೆಯಲ್ಲಿ ಮೇಲೆ ಕೆಳಗೆ ಎರಡೂ ಇಲ್ಲ. ತಲೆಯನ್ನು ಯಾವ ಕಡೆ ಎತ್ತಿದರೂ ನೀರು ಗೋಲಿಯ ಹಾಗೆ ಕೊಕ್ಕಿಗೆ ಅಂಟಿಕೊಂಡೇ ಇರುತ್ತೆ. ಬೆಕ್ಕಿಗೆ ಎಲ್ಲಿಂದ ಬಿದ್ದರೂ ಕಾಲ ಮೇಲೇ ನಿಲ್ಲುತ್ತೇನೆ ಅನ್ನುವ ಜಂಬ. ವಿಮಾನವನ್ನು ಬಿಲ್ಲಿನಂತೆ ಹಾರಿಸಿ ಕೆಲವು ಸೆಕೆಂಡು ತೂಕವಿಲ್ಲದಂತೆ ಮಾಡಿ ಪರೀಕ್ಷಿಸಿದಾಗ ಬೆಕ್ಕುಗಳಿಗೆ ನೆಲ ಯಾವ ಕಡೆ ಅಂತಲೇ ತಿಳಿಯಲಿಲ್ಲ, ಗಿರಗಿರ ತಿರುಗಿದವು. 1973ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ಗೆ ಹೋದ ಮೀನುಗಳು ಲಾಗ ಹಾಕುತ್ತಾ ಈಜಿದವು. ಅದೇ ವರ್ಷ ಅಲ್ಲಿಗೆ ಹೋದ ಅರಬೆಲ್ಲಾ ಎಂಬ ಜೇಡ ಮೊದಲು ಅಡ್ಡಾದಿಡ್ಡಿ ನೇಯ್ದು, ಆಮೇಲೆ ಕಲಿತುಕೊಂಡು ಸರಿಯಾದ ಬಲೆ ಕಟ್ಟಿತು. ಇಷ್ಟು ಕೈಯಲ್ಲಿಟ್ಟುಕೊಂಡು ಮತ್ತೆ ನರಿಯ ಮೋಸವೇ ಯಾಕೆ?

ಎಲ್ಲರೂ ಎಡವೋದು ‘ಅಲ್ಲಿ ಗುರುತ್ವ ಇಲ್ಲ’ ಅನ್ನುವ ಸಾಲಿನಲ್ಲಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರೋದು ಸುಮಾರು 400 ಕಿಲೋಮೀಟರ್ ಮೇಲೆ, ಅಲ್ಲಿ ಗುರುತ್ವ ನೆಲದಲ್ಲಿರುವುದರ ಶೇಕಡ 90ರ ಹತ್ತಿರ ಇದ್ದೇ ಇದೆ. ನೌಕೆಯೂ ಒಳಗಿನವರೂ ಒಟ್ಟಿಗೆ ಬೀಳುತ್ತಲೇ ಇರುತ್ತಾರೆ. ಸೆಕೆಂಡಿಗೆ ಏಳೂವರೆ ಕಿಲೋಮೀಟರ್‌ಗೂ ಹೆಚ್ಚು ವೇಗದಲ್ಲಿ ಮುಂದಕ್ಕೆ ಹೋಗುತ್ತಿರೋದರಿಂದ ಬಿದ್ದಷ್ಟೂ ಭೂಮಿ ಬಾಗಿಕೊಂಡು ಜಾರಿಹೋಗುತ್ತೆ, ಅದಕ್ಕೇ ತೇಲಾಟ. ಇದನ್ನು ಕಥೆಯೊಳಗೆ ವಿವರಿಸಲು ಹೋದರೆ ಮಗು ಎದ್ದು ಆಟಕ್ಕೆ ಹೋಗುತ್ತೆ. ಪ್ಲಾಸ್ಟಿಕ್ ಬಾಟಲಿಯ ಬುಡದ ಹತ್ತಿರ ಒಂದು ತೂತು ಮಾಡಿ, ನೀರು ತುಂಬಿ, ಮುಚ್ಚಳ ತೆಗೆದು ಹಿಡಿಯಿರಿ. ನೀರು ಚಿಮ್ಮುತ್ತೆ. ಕೈಬಿಡಿ. ಬೀಳುವಷ್ಟು ಹೊತ್ತೂ ಚಿಮ್ಮೋದು ನಿಂತಿರುತ್ತೆ. ಮುಚ್ಚಳ ಹಾಕಿದ್ದರೆ ಮೊದಲೇ ನೀರು ಕಟ್ಟಿಕೊಂಡು ಪ್ರಯೋಗ ಕೆಡುತ್ತೆ, ತೂತು ತೀರಾ ಸಣ್ಣದಾದರೆ ಏನೂ ಕಾಣಲ್ಲ. ಅಂಗಳದಲ್ಲಿ ಮಾಡಿ, ಮನೆಯೊಳಗೆ ಬೈಸಿಕೊಳ್ಳಬೇಡಿ.

ಕನ್ನಡದ ಮಕ್ಕಳ ಕಥೆ ಅರ್ಧ ಓಡೋದೇ ಧೊಪ್, ಗುಳುಂ, ಪಚಕ್, ದಡಬಡಗಳ ಮೇಲೆ. ನೌಕೆಯ ಒಳಗೆ ಗಾಳಿ ಇದೆ, ಎಷ್ಟು ಬೇಕಾದರೂ ಬಳಸಿ. ಬಾಗಿಲು ದಾಟಿದರೆ ಒಂದೂ ನಡೆಯಲ್ಲ. ಚಂದ್ರನ ಮೇಲೆ ಎಮ್ಮೆ ಬಿದ್ದರೂ ‘ಧೊಪ್’ ಇಲ್ಲ, ಮೇಲಾಗಿ ಅದು ಬೀಳೋದೂ ನಿಧಾನ. ಒಂದೂಕಾಲು ಮೀಟರ್ ಎತ್ತರದಿಂದ ಇಲ್ಲಿ ಅರ್ಧ ಸೆಕೆಂಡಿಗೆ ಬಿದ್ದರೆ ಅಲ್ಲಿ ಸುಮಾರು ಒಂದೂಕಾಲು ಸೆಕೆಂಡು. ಹಾಗಾಗಿ ಆ ಪುಟದಲ್ಲಿ ಪದವೇ ಬೇಡ. ಎಮ್ಮೆಯನ್ನು ಮೂರು ಭಂಗಿಯಲ್ಲಿ ಬರೆಸಿ. ಓದಿ ಹೇಳುವವರು ಅಲ್ಲಿ ಬಾಯಿ ಮಾತ್ರ ಆಡಿಸಲಿ, ಧ್ವನಿ ಬೇಡ. ಮಕ್ಕಳು ತಾವೇ ‘ಧೊಪ್’ ಅಂತ ಕಿರುಚಿಕೊಳ್ಳುತ್ತಾರೆ.

ದೂರದ ಲೆಕ್ಕ ತಪ್ಪಿದರೆ ಒಂದು ಒಳ್ಳೇ ತಮಾಷೆಯೂ ಕೈತಪ್ಪುತ್ತೆ. ಬೆಳಿಗ್ಗೆ ಹೊರಟು ಸಂಜೆಗೆ ಶನಿಗ್ರಹ ಮುಟ್ಟಿಸಬೇಡಿ. ಚಂದ್ರನಿಗೇ ಮೂರು ದಿನ ಬೇಕು. 1977ರಲ್ಲಿ ಹೊರಟ ವಾಯೇಜರ್ 1 ನೌಕೆ ಶನಿಯ ಹತ್ತಿರ ಹೋಗಿದ್ದು 1980ರ ನವೆಂಬರಿನಲ್ಲಿ. ಪುಟಕ್ಕೊಮ್ಮೆ ಅಳಿಲು ‘ಊರು ಬಂತಾ?’ ಅಂತ ಕೇಳಲಿ. ಏರಿದಾಗ ಮರಿಯಾಗಿದ್ದದ್ದು ಇಳಿಯುವಾಗ ಮೀಸೆ ಬೆಳೆಸಿಕೊಂಡಿರಲಿ.

ಇನ್ನು ಊಟ. 1965ರಲ್ಲಿ ಅಮೆರಿಕದ ಜೆಮಿನಿ 3 ನೌಕೆಗೆ ಗಗನಯಾತ್ರಿ ಜಾನ್ ಯಂಗ್ ಸ್ಯಾಂಡ್‌ವಿಚ್ ಕದ್ದೊಯ್ದಿದ್ದರು. ಜೊತೆಗಿದ್ದ ಗಸ್ ಗ್ರಿಸಮ್ ತಿನ್ನಲು ಹೋದರೆ ಬ್ರೆಡ್ಡಿನ ಚೂರು ಹಾರತೊಡಗಿತು, ಜೇಬಿಗೆ ಸೇರಿಸಿಬಿಟ್ಟರು. ಚೂರು ಯಂತ್ರದ ಸಂದಿಗೂ ಕಣ್ಣಿಗೂ ಹೋಗುತ್ತೆ ಅಂತಲೇ ಈಗ ಬ್ರೆಡ್ ಬದಲು ಚಪಾತಿಯಂಥ ಟೋರ್ಟಿಲಾ ಒಯ್ಯುತ್ತಾರೆ. ಚೂರಿಗೇ ಈ ಪಾಡಾದರೆ ಕಾಲು ಕೆಜಿ ಚುರುಮುರಿ ಪೊಟ್ಟಣ ಬಿಚ್ಚಿದ ಇಲಿಯ ಗತಿ ಏನು? ಒಂದು ಅಧ್ಯಾಯ ಪೂರ್ತಿ ಅದಕ್ಕೇ ಕೊಡಿ. 2025ರಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಕ್ಕಾಗಿ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸಿದರು. ಕೋಳಿ ಇರುವ ನೌಕೆಯಲ್ಲಿ ಮೊಳಕೆ ಕಾಯೋ ಕೆಲಸ ಯಾರಿಗೆ ವಹಿಸುತ್ತೀರಿ ನೋಡಿ.

ಎರಡು ವಿಷಯದಲ್ಲಿ ನಾನು ಖಡಾಖಂಡಿತ. 1957ರಲ್ಲಿ ಹೋದ ಲೈಕಾ ಎಂಬ ನಾಯಿ ಮರಳಿ ಬರಲಿಲ್ಲ, ನೌಕೆಯೊಳಗೆ ಬಿಸಿ ಏರಿ ಕೆಲವೇ ಗಂಟೆಗಳಲ್ಲಿ ಸತ್ತಿತು. ಅವಳನ್ನು ತಮಾಷೆಗೆ ಎಳೆಯಬೇಡಿ. ನಾಯಿ ಬೇಕೇ ಬೇಕೆಂದರೆ 1960ರ ಬೆಲ್ಕಾ, ಸ್ಟ್ರೆಲ್ಕಾ ಇದ್ದಾರೆ: ಇಲಿ, ಮೊಲದ ಸಮೇತ ಸುತ್ತಿ ಜೀವಂತ ಇಳಿದವರು. ಎರಡನೆಯದು, ಪೆದ್ದ ಪಾತ್ರದ ಬಾಯಿಗೆ ಉತ್ತರ ಕರ್ನಾಟಕದ ಮಾತು ತುರುಕುವ ಚಾಳಿ. ಸಿನಿಮಾದವರು ಮಾಡಿದ್ದೇ ಸಾಕು. ಎಮ್ಮೆ ಕ್ಯಾಪ್ಟನ್ ಆಗಿ ‘ಏನ್ರೀ, ಎಲ್ಲಾರೂ ಬೆಲ್ಟ್ ಬಿಗದೀರೇನು?’ ಅಂತ ಕೇಳಲಿ ಬೇಕಾದರೆ.

ಅಳತೆಯ ಮಾತು. ಚಿತ್ರಪುಸ್ತಕಗಳು ಸಾಮಾನ್ಯವಾಗಿ 32 ಪುಟ, ದೊಡ್ಡ ಹಾಳೆಯನ್ನು ಎಂಟರ, ಹದಿನಾರರ ಲೆಕ್ಕದಲ್ಲಿ ಮಡಚೋದೇ ಕಾರಣ. ಶೀರ್ಷಿಕೆ, ವಿವರಗಳ ಪುಟ ಕಳೆದರೆ ಕಥೆಗೆ ಹದಿಮೂರು ಹದಿನಾಲ್ಕು ಜೋಡಿಪುಟ. ಕನ್ನಡ ಪದಕ್ಕೆ ಪ್ರತ್ಯಯ ಅಂಟಿ ಉದ್ದವಾಗುವುದರಿಂದ 400 ಪದ ಮೀರದಿದ್ದರೆ ಒಳ್ಳೆಯದು. ‘ಗುರುತ್ವಾಕರ್ಷಣೆ’ ಬರೆದಿದ್ದರೆ ಹೊಡೆದುಹಾಕಿ, ‘ಎಳೆತ’ ಸಾಕು. ಕೊನೆಗೆ ‘ನೀತಿ:’ ಅಂತ ಒಂದು ಸಾಲು ಇದ್ದೇ ಇರುತ್ತಲ್ಲ, ಅದನ್ನೂ.

ಆ ಜಾಗದಲ್ಲಿ ಆಮೆಯನ್ನು ಮನೆಗೆ ಕರೆತನ್ನಿ. ಶುಕ್ಲಾ ತಂಡದ ಜೊತೆ ತೇಲಿದ ಗೊಂಬೆ ಹಂಸವೇ, ಹೆಸರು ಜಾಯ್. ಆದರೆ ಆಮೆಗಳದ್ದು ಅದಕ್ಕೂ ದೊಡ್ಡ ಕಥೆ. ಮನುಷ್ಯರಿಗಿಂತ ಮೊದಲೇ, 1968ರ ಸೆಪ್ಟೆಂಬರಿನಲ್ಲಿ, ಸೋವಿಯತ್ತಿನ ಜೋಂಡ್ 5 ನೌಕೆಯಲ್ಲಿ ಎರಡು ಆಮೆ ಚಂದ್ರನನ್ನು ಸುತ್ತಿ ಹಿಂದೂ ಮಹಾಸಾಗರಕ್ಕೆ ಬಂದು ಇಳಿದವು. ಮೈತೂಕ ಶೇಕಡ ಹತ್ತರಷ್ಟು ಇಳಿದಿತ್ತು, ಹಸಿವು ಮಾತ್ರ ಒಂದಿಷ್ಟೂ ಇಳಿದಿರಲಿಲ್ಲ. ಹಂಸಗಳು ಸುತ್ತ ಕೂತು ‘ಹೇಗಿತ್ತು, ಏನೇನು ನೋಡಿದೆ, ಹೇಳೋ’ ಅಂತ ಗೋಗರೆಯಲಿ. ಆಮೆ ಬಾಯಿ ತುಂಬಾ ಸೊಪ್ಪು.