ಮುಟ್ಟದೆ ಉಸಿರು ಎಣಿಸುವ ಅಲ್ಟ್ರಾಸಾನಿಕ್ ಸೆನ್ಸರ್: ರೋಗಿಯ ಕಾವಲಿಗೆ ಇಡಬಹುದೇ?

ಪರ

ಅವಧಿಗೆ ಮೊದಲೇ ಹುಟ್ಟಿದ ಮಗುವಿನ ಚರ್ಮ ತುಂಬಾ ತೆಳು. ಹೃದಯ ಬಡಿತ ನೋಡಲು ಅಂಟಿಸಿದ ಇಸಿಜಿ ಪ್ಯಾಚ್ ತೆಗೆಯುವಾಗ ಚರ್ಮವೂ ಕಿತ್ತು ಬರಬಹುದು. ಮೈ ಸುಟ್ಟವರಿಗೆ ಕೆಲವೊಮ್ಮೆ ಪ್ಯಾಚ್ ಅಂಟಿಸಲು ಜಾಗವೇ ಇರುವುದಿಲ್ಲ. ಇಂಥವರ ಉಸಿರನ್ನು ಮುಟ್ಟದೆಯೇ ಎಣಿಸಬಹುದು ಅಂದರೆ ಯಾಕೆ ಬೇಡ ಅನ್ನಬೇಕು?

ಕೆಲಸ ನಡೆಯುವ ರೀತಿ ಸರಳ. ಸೆನ್ಸರ್ ನಮ್ಮ ಕಿವಿಗೆ ಕೇಳದ, ಸಾಮಾನ್ಯವಾಗಿ 40 ಕಿಲೋಹರ್ಟ್ಜ್‌ನ ಸದ್ದನ್ನು ಎದೆಯತ್ತ ಬಿಡುತ್ತದೆ. ಬಡಿದು ವಾಪಸ್ ಬಂದ ಅಲೆಯನ್ನು ಅಳೆಯುತ್ತದೆ. ಗಾಳಿಯಲ್ಲಿ ಈ ಅಲೆಯ ಉದ್ದ ಸುಮಾರು 8.6 ಮಿ.ಮೀ. ಎದೆ ಬರೀ ಅರ್ಧ ಮಿ.ಮೀ. ಸರಿದರೂ ಅಲೆ ಹೋಗಿಬರುವ ದಾರಿ 1 ಮಿ.ಮೀ. ಬದಲಾಗುತ್ತದೆ. ಅಲೆಯ ಫೇಸ್, ಅಂದರೆ ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಅನ್ನುವುದನ್ನು ನೋಡುವ ಸರ್ಕ್ಯೂಟ್‌ಗೆ ಇಷ್ಟು ಧಾರಾಳ ಸಾಕು. ಉಸಿರಾಟದಲ್ಲಂತೂ ಎದೆ ಇದಕ್ಕಿಂತ ಎಷ್ಟೋ ಜಾಸ್ತಿ ಏರಿಳಿಯುತ್ತದೆ.

ಕತ್ತಲಲ್ಲೂ ಇದು ಕೆಲಸ ಮಾಡುತ್ತದೆ. ಕ್ಯಾಮೆರಾದಂತೆ ಯಾರ ಚಿತ್ರವನ್ನೂ ತೆಗೆಯುವುದಿಲ್ಲ. ಮಲಗುವ ಕೋಣೆಯಲ್ಲಿ ಇಡುವ ಸಾಧನಕ್ಕೆ ಇದು ಸಣ್ಣ ಗುಣವಲ್ಲ, ಅಲ್ವಾ?

ವಿರೋಧ

ಸೆನ್ಸರ್‌ಗೆ ಕಾಣುವುದು ಎದೆಯ ಅಲುಗಾಟ ಮಾತ್ರ. ಗಾಳಿ ಒಳಗೆ ಹೋಯಿತೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಳ್ಳುವ ಸ್ಲೀಪ್ ಆಪ್ನಿಯಾದಲ್ಲಿ ಉಸಿರು ನಿಂತಿರುತ್ತದೆ, ಎದೆ ಮಾತ್ರ ಗಾಳಿಗಾಗಿ ಒದ್ದಾಡುತ್ತಲೇ ಇರುತ್ತದೆ. ಆ ಒದ್ದಾಟವನ್ನೂ ಸೆನ್ಸರ್ ಉಸಿರು ಅಂತಲೇ ಎಣಿಸಿಬಿಡಬಹುದು. ನನಗೆ ಅತಿ ಹೆಚ್ಚು ಭಯ ಇರುವುದು ಇದರ ಬಗ್ಗೆಯೇ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತಿದ್ದರೆ ಬೆರಳಿಗೆ ಸಿಕ್ಕಿಸಿದ ಪಲ್ಸ್ ಆಕ್ಸಿಮೀಟರ್ ಹೇಳುತ್ತದೆ. ದೂರದಲ್ಲಿರುವ ಈ ಸೆನ್ಸರ್‌ಗೆ ಅದು ತಿಳಿಯುವ ದಾರಿಯೇ ಇಲ್ಲ.

ಇದೇ ಸೆನ್ಸರ್‌ನಿಂದ ಹೃದಯ ಬಡಿತವನ್ನೂ ಎಣಿಸುವುದು ಇನ್ನೂ ಕಷ್ಟ. ಬಡಿತಕ್ಕೆ ಎದೆಯ ಮೇಲ್ಮೈ ಅಲುಗುವುದು ಮಿಲಿಮೀಟರಿನ ಒಂದು ಚೂರು. ಅದು ಉಸಿರಿನ ದೊಡ್ಡ ಏರಿಳಿತದಲ್ಲಿ ಮುಚ್ಚಿಹೋಗುತ್ತದೆ. ಉಸಿರು ನಿಮಿಷಕ್ಕೆ 18 ಇದ್ದರೆ ಅದರ ನಾಲ್ಕನೇ ಹಾರ್ಮೋನಿಕ್, ಅಂದರೆ ನಾಲ್ಕು ಪಟ್ಟು ವೇಗದಲ್ಲಿ ಬರುವ ಅದರದೇ ಸಣ್ಣ ಅಲೆ, 72ಕ್ಕೆ ಬಂದು ಕೂರುತ್ತದೆ. ಅದನ್ನೇ ನಾಡಿ ಅಂದುಕೊಂಡರೆ? ಸಂಖ್ಯೆ ನೋಡಿದವರಿಗೆ ಅನುಮಾನವೂ ಬರುವುದಿಲ್ಲ.

ಹೊದಿಕೆಯ ತೊಂದರೆ ಬೇರೆ. ಮುಟ್ಟದೆ ಅಳೆಯುವ ಇನ್ನೊಂದು ಸಾಧನ ರೇಡಾರ್; ಅದರ ರೇಡಿಯೋ ಅಲೆ ಬಟ್ಟೆಯನ್ನು ದಾಟಿ ಮೈ ತಲುಪುತ್ತದೆ. ಈ ಸದ್ದು ಹೆಚ್ಚಾಗಿ ಬಟ್ಟೆಯ ಮೇಲಿಂದಲೇ ವಾಪಸ್ ಬರುತ್ತದೆ. ದಪ್ಪ ಕಂಬಳಿ ಹೊದ್ದರೆ ಅಳೆಯುವುದು ಕಂಬಳಿಯನ್ನೇ. ಗಾಳಿ 1 ಡಿಗ್ರಿ ಬಿಸಿಯಾದರೆ ಸದ್ದಿನ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಏರುತ್ತದೆ, ಅಳತೆಯೂ ಅಷ್ಟು ಜರುಗುತ್ತದೆ. ನಿಧಾನ ಬದಲಾವಣೆಯನ್ನು ಸಾಫ್ಟ್‌ವೇರ್ ಸರಿಪಡಿಸಬಹುದು. ಫ್ಯಾನ್ ಗಾಳಿ ನಿಧಾನವಾಗಿ ಬದಲಾಗುವುದಿಲ್ಲವಲ್ಲ.

ಆರೋಗ್ಯವಂತರು ಅಲುಗಾಡದೆ ಕುಳಿತಾಗ ಸಿಕ್ಕ ಅಂಕಿ ನನಗೆ ಸಾಲದು. ಫ್ಯಾನ್ ತಿರುಗುತ್ತಿರಲಿ, ಕಂಬಳಿ ಹೊದ್ದಿರಲಿ, ರೋಗಿ ಮಗ್ಗುಲಾಗಿ ಮಲಗಿರಲಿ. ಪಕ್ಕದಲ್ಲಿ ಇಸಿಜಿ, ಆಕ್ಸಿಮೀಟರ್ ಎರಡನ್ನೂ ಇಟ್ಟು ಹೋಲಿಸಲಿ. ಅಲ್ಲಿಯವರೆಗೆ ರೋಗಿಯ ಮೈಯಿಂದ ಆ ವೈರುಗಳನ್ನು ತೆಗೆಯಬಾರದು.