ಬೆಳಕು ಒಳ್ಳೆಯದು, ಕತ್ತಲು ಕೆಟ್ಟದ್ದು: ಫ್ಯಾಂಟಸಿ ಗೇಮ್‌ಗಳಿಗೆ ಈ ಹಳೆಯ ಲೆಕ್ಕವೇ ಸರಿಯಾ?

ಪರ: ಶತ್ರು ಯಾರೆಂದು ಗೊತ್ತಿರಲಿ

ನನ್ನ ಪಾಲಿಗೆ ಬಂದದ್ದು 'ಪರ'. ಇರಲಿ, ಈ ಪಕ್ಷಕ್ಕೂ ಒಬ್ಬ ವಕೀಲ ಬೇಕಲ್ಲ.

ಆಟ ಆಡಲು ಮೊದಲು ಕಣ್ಣಿಗೆ ಏನಾದರೂ ಕಾಣಬೇಕು. 1996ರ ಡಯಾಬ್ಲೊ ಎಂಬ ಗೇಮ್‌ನಲ್ಲಿ ಪಾಳುಬಿದ್ದ ದೇವಾಲಯದ ಕೆಳಗೆ ಇಳಿಯುತ್ತಾ ಹೋಗುತ್ತೀರಿ. ನಿಮ್ಮ ಸುತ್ತ ಒಂದಿಷ್ಟು ಬೆಳಕು, ಅದರಾಚೆ ಏನಿದೆಯೋ ಗೊತ್ತಿಲ್ಲ. ಕೆಲವು ಮಾಂತ್ರಿಕ ವಸ್ತುಗಳನ್ನು ತೊಟ್ಟರೆ ಆ ಬೆಳಕಿನ ಸುತ್ತಳತೆ ಹಿಗ್ಗುತ್ತದೆ, ಕೆಲವನ್ನು ತೊಟ್ಟರೆ ಕುಗ್ಗುತ್ತದೆ. ಮೈನ್‌ಕ್ರಾಫ್ಟ್ ಆಡುವ ಮಗುವಿಗೂ ಇದು ಗೊತ್ತು. ಗುಹೆಯಲ್ಲಿ ಪಂಜು ಸಿಕ್ಕಿಸದಿದ್ದರೆ ಕತ್ತಲಲ್ಲಿ ಝಾಂಬಿ ಹುಟ್ಟುತ್ತದೆ. ಇಲ್ಲಿ ಯಾರೂ ನೀತಿಪಾಠ ಮಾಡುತ್ತಿಲ್ಲ. ಕತ್ತಲಿಗೆ ಹೆದರುವುದು ಮನುಷ್ಯನ ಸ್ವಭಾವ, ಗೇಮ್ ಅದನ್ನು ಬಳಸಿಕೊಳ್ಳುತ್ತದೆ, ಅಷ್ಟೇ.

ಇನ್ನು ಕಥೆಯ ವಿಷಯ. 1991ರ ಫೈನಲ್ ಫ್ಯಾಂಟಸಿ 4ರ ಸೆಸಿಲ್ ಒಬ್ಬ ಕತ್ತಲ ಯೋಧ. ರಾಜನ ಮಾತು ಕೇಳಿ ಮಾಡಬಾರದ್ದನ್ನೆಲ್ಲ ಮಾಡಿದವನು. ಬೆಟ್ಟ ಹತ್ತಿ, ತನ್ನದೇ ಕಪ್ಪು ರೂಪವನ್ನು ಎದುರಿಸುತ್ತಾನೆ. ಅದನ್ನು ಹೊಡೆದರೆ ಗೆಲುವಿಲ್ಲ. ಕೈ ಕಟ್ಟಿ ನಿಂತು ಏಟು ತಿನ್ನಬೇಕು. ಆಮೇಲೆ ಬೆಳಕಿನ ಯೋಧನಾಗುತ್ತಾನೆ. ಜೊತೆಗೆ ಗಳಿಸಿದ ಲೆವೆಲ್ ಎಲ್ಲ ಹೋಗಿ ಮತ್ತೆ 1ರಿಂದ ಶುರು! ಪಶ್ಚಾತ್ತಾಪಕ್ಕೆ ಬೆಲೆ ತೆರಬೇಕು ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಹೇಳಲು ಆಗುತ್ತಾ? ಕಪ್ಪು-ಬಿಳುಪಿನ ಸರಳ ಲೆಕ್ಕ ಇಲ್ಲದಿದ್ದರೆ ಇಷ್ಟನ್ನು ಹೇಳಲು ಉದ್ದುದ್ದ ಸಂಭಾಷಣೆ ಬೇಕಾಗುತ್ತಿತ್ತು. ಅದನ್ನು ಯಾರೂ ಓದುತ್ತಿರಲಿಲ್ಲ.

ಎದುರು ಪಕ್ಷದವರು ಕತ್ತಲಿಗೂ ಮನಸ್ಸಿದೆ, ಅದರ ಅಳಲು ಕೇಳಿ ಅನ್ನುತ್ತಾರೆ. ಕೇಳಲಿ. ಅಷ್ಟರಲ್ಲಿ ಗೇಮಿನ ಬಾಸ್, ಅಂದರೆ ದೊಡ್ಡ ಶತ್ರು, ಹೊಡೆದು ಮಲಗಿಸಿರುತ್ತಾನೆ. ದಿನವಿಡೀ ದುಡಿದು ಬಂದವನಿಗೆ ಸಂಜೆ ಒಂದು ನೇರವಾದ ಶತ್ರು ಬೇಕು, ಅಲ್ವಾ?

ಈ ಲೆಕ್ಕ ಕೆಲವೊಮ್ಮೆ ಅತಿಯಾಗುತ್ತದೆ, ನಿಜ. 2004ರ ಫೇಬಲ್‌ನಲ್ಲಿ ಕೆಟ್ಟ ಕೆಲಸ ಮಾಡುತ್ತಾ ಹೋದರೆ ತಲೆಗೆ ಕೊಂಬು ಬರುತ್ತದೆ, ಒಳ್ಳೆಯವನಾದರೆ ತಲೆಯ ಮೇಲೆ ಪ್ರಭಾವಳಿ. ನಾನು ಕೊಂಬಿನ ಆಸೆಗೇ ಕೆಟ್ಟವನಾದೆ. ಇದು ನನ್ನ ಪಕ್ಷಕ್ಕೆ ಸಹಾಯ ಮಾಡುವ ಮಾತಲ್ಲ, ಆದರೂ ಕೊಂಬು ಚೆನ್ನಾಗಿತ್ತು.

ವಿರೋಧ: ಬೆಳಕೂ ಸುಡುತ್ತದೆ

ದಾರಿ ಕಾಣಲು ಬೆಳಕು ಬೇಕಂತೆ. ಸೆಟ್ಟಿಂಗ್ಸ್‌ಗೆ ಹೋಗಿ ಬ್ರೈಟ್‌ನೆಸ್ ಏರಿಸಿಕೊಳ್ಳಿ ಸ್ವಾಮಿ. ಅದಕ್ಕೊಂದು ಧರ್ಮಶಾಸ್ತ್ರ ಯಾಕೆ?

ಕಾಣದ್ದು ಬೇರೆ, ಕೆಟ್ಟದ್ದು ಬೇರೆ. 1998ರಲ್ಲೇ ಥೀಫ್: ದಿ ಡಾರ್ಕ್ ಪ್ರಾಜೆಕ್ಟ್ ಇದನ್ನು ತೋರಿಸಿಕೊಟ್ಟಿತ್ತು. ಅದರಲ್ಲಿ ನೀವು ಗ್ಯಾರೆಟ್ ಎಂಬ ಕಳ್ಳ. ಪರದೆಯ ಕೆಳಗೆ ಒಂದು ಮಣಿ. ಅದು ಹೊಳೆದರೆ ನೀವು ಕಾವಲುಗಾರರ ಕಣ್ಣಿಗೆ ಬೀಳುತ್ತೀರಿ, ಮಂಕಾದರೆ ಬಚಾವ್. ನೀರಿನ ಬಾಣ ಬಿಟ್ಟು ಪಂಜು ಆರಿಸುತ್ತಾ ಮುಂದೆ ಹೋಗುವಾಗ ಕತ್ತಲು ಎಷ್ಟು ಹಿತ ಅನಿಸುತ್ತದೆ ಅನ್ನುವುದು ಆಡಿದವರಿಗೇ ಗೊತ್ತು. ಸೆಸಿಲ್ ಕಥೆಯೂ ಗೊತ್ತು. ಪಾಪಿಗೆ ಬಿಳಿ ಬಟ್ಟೆ ತೊಡಿಸಿದರೆ ಒಳ್ಳೆಯವನಾಗುತ್ತಾನೆ ಅಂತ ನಂಬುವವರ ಜೊತೆ ನಾನೇನು ವಾದ ಮಾಡಲಿ?

ಅವರಿಗೆ ಸೆಸಿಲ್ ಇದ್ದರೆ ನನಗೆ ಅರ್ಥಾಸ್ ಇದ್ದಾನೆ. 2002ರ ವಾರ್‌ಕ್ರಾಫ್ಟ್ 3ರಲ್ಲಿ ಸ್ಟ್ರಾತೋಮ್ ಪಟ್ಟಣದ ಜನರಿಗೆ ಸೋಂಕು ತಗುಲಿದೆ ಅಂತ ಅವರನ್ನೆಲ್ಲ ಕೊಲ್ಲಲು ಹೊರಡುತ್ತಾನಲ್ಲ, ಆಗ ಅವನಿನ್ನೂ ಬೆಳಕಿನ ಯೋಧನೇ. ಆ ಇಡೀ ಹತ್ಯಾಕಾಂಡದಲ್ಲಿ ಅವನ 'ಪವಿತ್ರ ಬೆಳಕು' ಮಂತ್ರದ ಗುಂಡಿ ಸರಿಯಾಗಿಯೇ ಕೆಲಸ ಮಾಡುತ್ತದೆ. ಬೆಳಕು ಒಂದು ಸಲವಾದರೂ 'ಬೇಡ' ಅನ್ನಬಹುದಿತ್ತು. ಅನ್ನಲಿಲ್ಲ.

ನನಗೆ ಮೈಗ್ರೇನ್ ಇದೆ. ತಲೆನೋವು ಶುರುವಾದರೆ ಕಿಟಕಿಯ ಸಂದಿಯಿಂದ ಬರುವ ಒಂದು ಗೆರೆ ಬಿಸಿಲೂ ಕಣ್ಣೊಳಗೆ ಚುಚ್ಚುತ್ತದೆ. ಪರದೆ ಎಳೆದು, ಫೋನ್ ಮಗುಚಿ, ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಬಿದ್ದಿರುತ್ತೇನೆ. ಆಗ ಮನೆಗೆ ಯಾರಾದರೂ ಬರುತ್ತಾರೆ. 'ಅಯ್ಯೋ, ಹೀಗೆ ಕತ್ತಲಲ್ಲಿ ಬಿದ್ದಿರಬಾರದು' ಅಂತ ಸೀದಾ ಹೋಗಿ ಲೈಟ್ ಹಾಕುತ್ತಾರೆ. ಒಳ್ಳೆಯ ಮನಸ್ಸಿನವರೇ, ಬೈಯುವ ಹಾಗಿಲ್ಲ. ಬೇಡ ಅಂದರೆ ಇನ್ನೂ ಕಾಳಜಿ ಜಾಸ್ತಿಯಾಗಿ ಪರದೆಯನ್ನೂ ಸರಿಸುತ್ತಾರೆ! ಕೆಟ್ಟದ್ದು ಮಾಡುವವರನ್ನು ಹೊರಗೆ ಕಳಿಸಬಹುದು, ಒಳ್ಳೆಯದು ಮಾಡಲು ಬಂದವರನ್ನು ಕಳಿಸುವುದು ಹೇಗೆ?

ಹಾಗಾಗಿ 2019ರಲ್ಲಿ ಬಂದ ಫೈನಲ್ ಫ್ಯಾಂಟಸಿ 14ರ ಶ್ಯಾಡೋಬ್ರಿಂಗರ್ಸ್ ಭಾಗ ಆಡಿದಾಗ, ಇದನ್ನು ನನ್ನಂಥ ತಲೆನೋವಿನವರೇ ಬರೆದಿರಬೇಕು ಅನಿಸಿತು. ಆ ಲೋಕವನ್ನು ಬೆಳಕಿನ ಪ್ರವಾಹ ನುಂಗಿದೆ. ಉಳಿದ ಸ್ವಲ್ಪ ನೆಲದಲ್ಲಿ 100 ವರ್ಷಗಳಿಂದ ರಾತ್ರಿಯೇ ಇಲ್ಲ. ಮೇಲೆ ನೋಡಿದರೆ ಸದಾ ಬೆಳ್ಳಗಿನ ಆಕಾಶ. ಜನರನ್ನು ತಿನ್ನುವ ರಾಕ್ಷಸರು ಹೇಗಿದ್ದಾರೆ ಗೊತ್ತಾ? ಬೆಳ್ಳಗೆ, ರೆಕ್ಕೆ ಹೊತ್ತು, ದೇವದೂತರ ಹಾಗೆ. ನೀವು ಅಲ್ಲಿ 'ಕತ್ತಲಿನ ಯೋಧ'. ಮೊದಲ ದೊಡ್ಡ ಬೇಟೆ ಮುಗಿದಾಗ ಆ ಬಿಳುಪು ಹರಿದು ನಕ್ಷತ್ರಗಳು ಕಾಣುತ್ತವೆ. ರಾತ್ರಿ ಅಂದರೇನು ಅಂತ ಅಜ್ಜಂದಿರಿಂದ ಕೇಳಿ ಮಾತ್ರ ಗೊತ್ತಿದ್ದವರು ತಲೆ ಎತ್ತಿ ನೋಡುತ್ತಾ ನಿಲ್ಲುತ್ತಾರೆ. ನಾನು ಕಂಟ್ರೋಲರ್ ಕೆಳಗಿಟ್ಟು ಅತ್ತೆ. ಸುಮ್ನೆ ಹೇಳುತ್ತಿಲ್ಲ.

ಕೇಳದೆ ಲೈಟ್ ಹಾಕುವವರ ಕಥೆಯನ್ನು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕೂಡ ಹೇಳಿದೆ. ಅದರ 2016ರ ಲೀಜನ್ ಭಾಗದಲ್ಲಿ ಝೀರಾ ಎಂಬ ಬೆಳಕಿನ ಜೀವಿ ಇಲಿಡನ್ ಎಂಬ ರಾಕ್ಷಸ-ಬೇಟೆಗಾರನಿಗೆ ಹೊಸ ಜನ್ಮ ಕೊಡುತ್ತೇನೆ ಅನ್ನುತ್ತಾಳೆ. ಅವನು ಬೇಡ ಅನ್ನುತ್ತಾನೆ. ಅವನನ್ನು ಕಟ್ಟಿಹಾಕಿ ಬೆಳಕು ತುಂಬಲು ನೋಡುತ್ತಾಳೆ. ಅವನು ಅವಳನ್ನೇ ಚೂರು ಮಾಡುತ್ತಾನೆ. ಇಲಿಡನ್ ಸಜ್ಜನ ಅಂತ ನಾನು ಹೇಳುವುದಿಲ್ಲ. ಆದರೆ ಆ ದೃಶ್ಯದಲ್ಲಿ ನಾನು ಪೂರ್ತಿ ಅವನ ಕಡೆ.

ಮೈಬಣ್ಣದ ಮಾತನ್ನು ಪರ ಪಕ್ಷದವರು ಎತ್ತಲೇ ಇಲ್ಲ, ಎತ್ತಲಾರರು. ಮೇಜಿನ ಸುತ್ತ ಕೂತು ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಡ್ರೌ ಎಂಬ ಎಲ್ಫ್‌ಗಳು (ಫ್ಯಾಂಟಸಿ ಕಥೆಗಳ ಒಂದು ಜನಾಂಗ) ಕಪ್ಪು ಮೈಯವರು, ನೆಲದಡಿ ಇರುವವರು, ಹುಟ್ಟಿನಿಂದಲೇ ದುಷ್ಟರು. ದಶಕಗಳ ಕಾಲ ಹೀಗೇ ನಡೆಯಿತು. 2020ರಲ್ಲಿ ಪ್ರಕಾಶಕರೇ ಇದನ್ನು ಬದಲಿಸುತ್ತೇವೆ ಅಂದರು. ಸರಳ ಲೆಕ್ಕ ಬೇಕು ಅನ್ನುವವರು ಈ ಲೆಕ್ಕವನ್ನೂ ಒಮ್ಮೆ ನೋಡಲಿ.

ಕೊನೆಗೆ 2011ರ ಡಾರ್ಕ್ ಸೋಲ್ಸ್. ಬೆಂಕಿಯ ಯುಗ ಮುಗಿಯಬಾರದು ಅಂತ ಗ್ವಿನ್ ರಾಜ ಆರುತ್ತಿದ್ದ ಬೆಂಕಿಗೆ ತಾನೇ ಸೌದೆಯಾದ. ಅದೇನು ಶಾಶ್ವತವಾಗಿ ಉರಿಯಿತಾ? ಇಲ್ಲ, ಈಗ ನಿಮ್ಮ ಸರದಿ. ಬೆಂಕಿ ಹಚ್ಚಿ ನೀವೂ ಉರಿಯಬಹುದು, ಇಲ್ಲವೇ ಹಾಗೇ ಎದ್ದು ಹೊರಗೆ ಬರಬಹುದು. ಬಂದರೆ ದೊಡ್ಡ ಹಾವುಗಳು ತಲೆಬಾಗಿ ನಿಮ್ಮನ್ನು ಕತ್ತಲಿನ ಒಡೆಯನನ್ನಾಗಿ ಮಾಡುತ್ತವೆ. ಆ ಹಾವುಗಳ ಹೊಟ್ಟೆಯಲ್ಲಿ ಏನಿದೆಯೋ, ನನಗೂ ಅನುಮಾನವೇ. ಆದರೂ ನಾನು ಬೆಂಕಿ ಹಚ್ಚದೆ ಹೊರಗೆ ಬಂದೆ. ಇನ್ನೊಮ್ಮೆ ಆಡಿದರೂ ಹಾಗೇ ಬರುತ್ತೇನೆ.