ಫೇಲಾದ ಪುಡಿ

ಮೊನ್ನೆ ಫ್ರೆಂಡ್ ಒಬ್ಬ ವಾಟ್ಸಾಪಲ್ಲಿ ಕೇಳ್ದ, "ಹೊಸ ಮೆಟೀರಿಯಲ್ ಎಲ್ಲಾ ಎಐನೇ ಕಂಡುಹಿಡಿಯುತ್ತಂತೆ, ನಿಮ್ಮ ಕೆಮಿಸ್ಟ್ರಿಯವ್ರ ಗತಿ ಏನೋ ಮಾರಾಯ?" ಅಂತ. ಅವ್ನು ಓದಿದ್ದು ಗೂಗಲ್ ಡೀಪ್‌ಮೈಂಡ್‌ನವ್ರ 'ನೋಮ್' ಅನ್ನೋ ಎಐ ಬಗ್ಗೆ, 2023ರ ನವೆಂಬರ್‌ದು. 22 ಲಕ್ಷ ಹೊಸ ಕ್ರಿಸ್ಟಲ್, ಅದ್ರಲ್ಲಿ ಸುಮಾರು 3.8 ಲಕ್ಷ ಸ್ಟೇಬಲ್ ಅಂತ ಘೋಷಣೆ.

ಕೆಲಸ ದೊಡ್ಡದೇ, ಇಲ್ಲ ಅನ್ನಲ್ಲ. ಒಂದು ಕ್ರಿಸ್ಟಲ್‌ನ ಎನರ್ಜಿನ ಡಿಎಫ್‌ಟಿ ಅನ್ನೋ ಕ್ವಾಂಟಮ್ ಲೆಕ್ಕದ ವಿಧಾನದಲ್ಲಿ ಲೆಕ್ಕ ಹಾಕೋಕೆ ಗಂಟೆಗಟ್ಟಲೆ ಕಂಪ್ಯೂಟರ್ ಓಡಿಸ್ಬೇಕು, ಕಲಿತಿರೋ ಮಾಡೆಲ್ ಅದನ್ನ ಕಣ್ಮುಚ್ಚಿ ಬಿಡೋದ್ರೊಳಗೆ ಅಂದಾಜು ಮಾಡುತ್ತೆ. ಆದ್ರೆ ಅಲ್ಲಿ ಸ್ಟೇಬಲ್ ಅಂದ್ರೆ ಒಡೆದು ಬೇರೆ ಕಾಂಪೌಂಡ್ ಆದ್ರೂ ಎನರ್ಜಿಲಿ ಲಾಭ ಇಲ್ಲ ಅಂತ ಅಷ್ಟೇ, ಅದೂ ಸೊನ್ನೆ ಕೆಲ್ವಿನ್‌ನಲ್ಲಿ, ಅಂದ್ರೆ ಸುಮಾರು ಮೈನಸ್ 273 ಡಿಗ್ರಿ ಚಳಿಲಿ. ಯಾವ ಪುಡಿ ಜೊತೆ ಯಾವ್ದು ಬೆರೆಸ್ಬೇಕು, ಎಷ್ಟು ಡಿಗ್ರಿ, ಎಷ್ಟು ಹೊತ್ತು, ಅದ್ಯಾವ್ದೂ ಆ ಲೆಕ್ಕದಲ್ಲಿಲ್ಲ.

ಅದ್ರ ಜೊತೆಗೇ ಬರ್ಕ್ಲಿಯ ರೋಬೋಟ್ ಲ್ಯಾಬ್ 'ಎ-ಲ್ಯಾಬ್' ಪೇಪರೂ ಬಂತು, 17 ದಿನದಲ್ಲಿ 58 ಮೆಟೀರಿಯಲ್ ಮಾಡೋಕೆ ಹೋಗಿ 41 ಸಕ್ಸಸ್ ಅಂತ ಆಗ ಹೇಳ್ಕೊಂಡಿತ್ತು. ಕೆಮಿಸ್ಟ್‌ಗಳಾದ ಲಂಡನ್ನಿನ ರಾಬರ್ಟ್ ಪಾಲ್‌ಗ್ರೇವ್, ಪ್ರಿನ್ಸ್‌ಟನ್‌ನ ಲೆಸ್ಲಿ ಶೂಪ್ ಮತ್ತವರ ಜೊತೆಯವ್ರು ಅದರ ಎಕ್ಸ್‌ಆರ್‌ಡಿ (ಎಕ್ಸ್-ರೇ ಬಿಟ್ಟು ಪುಡಿಲಿ ಯಾವ ಕ್ರಿಸ್ಟಲ್ ಇದೆ ಅಂತ ನೋಡೋ ಪರೀಕ್ಷೆ) ಡೇಟಾ ಜಾಲಾಡಿ ಇದ್ರಲ್ಲಿ ಹೊಸದು ಒಂದೂ ಇಲ್ಲ ಅಂದ್ರು. ತಕರಾರು ಏನಪ್ಪಾ ಅಂದ್ರೆ, ಮದುವೆ ಪಂಕ್ತಿಲಿ ಗಂಡಿನ ಕಡೆಯವ್ರು ಒಬ್ರು, ಹೆಣ್ಣಿನ ಕಡೆಯವ್ರು ಒಬ್ರು ಅಂತ ಸಾಲಾಗಿ ಕೂತಿದಾರೆ ಅಂತ ಮಷೀನ್ ಅಂದ್ಕೊಂಡಿತ್ತು, ನಿಜಕ್ಕೂ ಪರಮಾಣುಗಳು ಸಿಕ್ಕ ಸಿಕ್ಕ ಎಲೆ ಮುಂದೆ ಕೂತಿದ್ವು, ಅಂದ್ರೆ ತುಂಬಾ ಕಾಂಪೌಂಡ್‌ಗಳು ಮೊದಲೇ ಗೊತ್ತಿದ್ದ ಡಿಸಾರ್ಡರ್ಡ್ ರೂಪವೇ. ಲ್ಯಾಬಿನವ್ರು ತಮ್ಮ ಕೆಲಸ ಸಮರ್ಥಿಸ್ಕೊಂಡ್ರು, ಆ ಜಗಳ ಇಲ್ಲಿ ಬೇಡ.

ನನ್ನ ಹೊಟ್ಟೆಉರಿ ಬೇರೆ. ಪಿಎಚ್‌ಡಿ ಟೈಮಲ್ಲಿ ಒಂದು ಆಕ್ಸೈಡ್ ಮಾಡೋಕೆ ಹೋಗಿ ಅಗೇಟ್ ಮಾರ್ಟರಲ್ಲಿ ಮುಕ್ಕಾಲು ಗಂಟೆ ಅರೆದು, ಮಾತ್ರೆ ಥರ ಪೆಲೆಟ್ ಒತ್ತಿ, 900 ಡಿಗ್ರಿಲಿ ಒಂದು ರಾತ್ರಿ ಇಟ್ಟು, ಬೆಳಗ್ಗೆ ತೆಗೆದ್ರೆ ಪೆಲೆಟ್ ಅದನ್ನಿಟ್ಟಿದ್ದ ಬಟ್ಟಲು ಕ್ರೂಸಿಬಲ್‌ಗೇ ಅಂಟ್ಕೊಂಡಿರೋದು. ಕೆರೆದು ಎಕ್ಸ್‌ಆರ್‌ಡಿಗೆ ಹಾಕಿದ್ರೆ ಗ್ರಾಫಲ್ಲಿ ನಾನು ಮೊದಲು ಬೆರೆಸಿದ ಪುಡಿದೇ ಪೀಕ್‌ಗಳು ನನ್ನನ್ನ ನೋಡಿ ನಗ್ತಿದ್ವು. ಹನ್ನೊಂದು ಸಲ. ಗೈಡ್ ಹೇಳಿದ್ದು ಒಂದೇ ಮಾತು, "ಇದನ್ನ ಥೀಸಿಸ್‌ಗೆ ಹಾಕ್ಬೇಡಪ್ಪಾ."

ಎಲ್ಲಾ ಲ್ಯಾಬಲ್ಲೂ ಇದೇ ಕತೆ, ಪೇಪರಲ್ಲಿ ಬರೋದು ಗೆದ್ದಿದ್ದು ಮಾತ್ರ. ಆ ಪೇಪರ್‌ಗಳನ್ನ ಓದಿ ಕಲಿತ ಮಷೀನ್‌ಗೆ ಸೋಲು ಹೇಗಿರುತ್ತೆ ಅಂತ ಹೇಗೆ ಗೊತ್ತಾಗ್ಬೇಕು ಹೇಳಿ? 2016ರಲ್ಲಿ ಅಮೆರಿಕದ ಹ್ಯಾವರ್‌ಫರ್ಡ್ ಅನ್ನೋ ಪುಟ್ಟ ಕಾಲೇಜಿನವ್ರು ಇದನ್ನೇ ಹಿಡಿದ್ರು, ಹಳೇ ನೋಟ್‌ಬುಕ್‌ಗಳಲ್ಲಿದ್ದ ಫೇಲಾದ ರಿಯಾಕ್ಷನ್‌ಗಳನ್ನೂ ಸೇರಿಸಿ ಮಾಡೆಲ್‌ಗೆ ಕಲಿಸಿದ್ರು. ಹೊಸ ಪ್ರಯೋಗಗಳಲ್ಲಿ ಅದರ ಸಕ್ಸಸ್ 89 ಪರ್ಸೆಂಟ್, ಅನುಭವಸ್ಥ ಕೆಮಿಸ್ಟ್‌ಗಳ ಅಂದಾಜಿಗೆ 78. ಗೂಗಲ್ ಗಾತ್ರದ ಕಂಪ್ಯೂಟರ್ ಏನೂ ಇರ್ಲಿಲ್ಲ ಅವ್ರ ಹತ್ರ, ನೋಟ್‌ಬುಕ್ ಇತ್ತು.

ನನ್ನವು ಮೂರು ನೋಟ್‌ಬುಕ್ ಊರಲ್ಲಿ ಅಟ್ಟದ ಮೇಲಿವೆ. ಅಮ್ಮ ಎರಡು ಸಲ ಪೇಪರ್ ತಗೊಳ್ಳೋನಿಗೆ ಕೊಡೋಕೆ ಹೋಗಿದ್ಲು, ತಡ್ದಿದೀನಿ. ಯಾರಿಗಾದ್ರೂ ಬೇಕಿದ್ರೆ ಸ್ಕ್ಯಾನ್ ಮಾಡಿ ಕಳಿಸ್ತೀನಿ, ಅಕ್ಷರ ಮಾತ್ರ ಸ್ವಲ್ಪ ಕೋಳಿ ಕೆದರಿದಂಗಿದೆ.